ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋ

ಪ್ರಶ್ನೆ: ಅಜ್ಜ ಕೊಂಡಿದ್ದ ವಾಲ್ವ್ ರೇಡಿಯೋ ಸುಮಾರು 30 ವರ್ಷ ಅಟ್ಟದಲ್ಲಿತ್ತು. ಒಳಗೆ ಇಝೆಡ್ 80 (ಎಸಿಯನ್ನು ಡಿಸಿ ಮಾಡುವುದು), ಇಎಲ್ 84 (ಸ್ಪೀಕರ್ ನಡೆಸುವುದು) ವಾಲ್ವ್‌ಗಳೂ ‘32+32 ಮೈಕ್ರೊಫ್ಯಾರಡ್, 350 ವೋಲ್ಟ್’ ಎಂದು ಬರೆದ ಅಲ್ಯೂಮಿನಿಯಂ ಡಬ್ಬಿಯ ಕಂಡೆನ್ಸರೂ (ವಿದ್ಯುತ್ತನ್ನು ಕೂಡಿಡುವ ಭಾಗ) ಇವೆ. ಕರೆಂಟ್ ಕೊಟ್ಟು ನೋಡಬಹುದೇ? ಆ ಹಳೆಯ ಕಂಡೆನ್ಸರನ್ನೇ ಉಳಿಸಿಕೊಳ್ಳಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ನೇರವಾಗಿ ಕರೆಂಟ್ ಕೊಡಬೇಡಿ. ಆ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದವಿರುತ್ತದೆ. ವಿದ್ಯುತ್ತನ್ನು ತಡೆಯುವುದು ಮಾತ್ರ ಆ ಕಾಗದವಲ್ಲ, ಧನ ಹಾಳೆಯ ಮೇಲೆ ಬೆಳೆಸಿರುವ, ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಉಳಿದಾಗ ಈ ಪದರ ಅಲ್ಲಲ್ಲಿ ಸವೆಯುತ್ತದೆ. ಆ ಸ್ಥಿತಿಯಲ್ಲಿ ಒಮ್ಮೆಲೇ 300 ವೋಲ್ಟ್ ಬಿದ್ದರೆ ಪದರದ ಮೂಲಕ ಕರೆಂಟ್ ಸೋರಿಕೆ ಹೆಚ್ಚಿ, ಡಬ್ಬಿ ಕಾದು ಒಡೆಯಬಹುದು. ಜೊತೆಗೆ ಇಝೆಡ್ 80 ವಾಲ್ವ್ ಮತ್ತು ಮೇನ್ಸ್ ಟ್ರಾನ್ಸ್‌ಫಾರ್ಮರ್ ಕೂಡ ಹಾಳಾಗಬಹುದು.

ಅದೇ ಪದರವನ್ನು ನಿಧಾನವಾಗಿ ಮತ್ತೆ ಬೆಳೆಸಲು ಸಾಧ್ಯವಿದೆ. ಇದನ್ನು ರೀಫಾರ್ಮಿಂಗ್ ಎನ್ನುತ್ತಾರೆ. ಡಬ್ಬಿ ಉಬ್ಬಿದ್ದರೆ ಅಥವಾ ಬುಡದಲ್ಲಿ ಅಂಟು ಒಸರಿದ್ದರೆ ಈ ಪ್ರಯತ್ನ ಬೇಡ. ಇಲ್ಲವಾದರೆ ಕಂಡೆನ್ಸರ್‌ನ ತಂತಿಗಳನ್ನು ಸರ್ಕ್ಯೂಟ್‌ನಿಂದ ಬಿಡಿಸಿ, ಧನ ಋಣ ತಪ್ಪದಂತೆ, ಡಬ್ಬಿಯ ಎರಡು ಭಾಗಗಳಲ್ಲಿ (32+32) ಒಂದು ಬಾರಿಗೆ ಒಂದನ್ನು ಮಾತ್ರ 47 ಕಿಲೋಓಮ್, 5 ವಾಟ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಬದಲಿಸಬಹುದಾದ ಡಿಸಿ ಸಪ್ಲೈಗೆ ಜೋಡಿಸಬೇಕು. 50 ವೋಲ್ಟ್‌ನಿಂದ ಆರಂಭಿಸಿ, ಸೋರಿಕೆ ಇಳಿದ ಮೇಲೆಯೇ ಮುಂದಿನ 50 ವೋಲ್ಟ್ ಏರಿಸುತ್ತ 300ರವರೆಗೆ ಹೋಗಬಹುದು. ಸೋರಿಕೆಯನ್ನು ಅಳೆಯಲು ರೆಸಿಸ್ಟರ್‌ನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸಾಕು: 47 ವೋಲ್ಟ್ ತೋರಿದರೆ 1 ಮಿಲಿಆಂಪಿಯರ್ ಎಂದರ್ಥ. ಕೆಲವು ಗಂಟೆಗಳಲ್ಲಿ ಅದು ಅರ್ಧ ಮಿಲಿಆಂಪಿಯರ್‌ಗಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ನಾನು ಆ ಕಂಡೆನ್ಸರನ್ನು ಉಳಿಸಿಕೊಳ್ಳುತ್ತೇನೆ; ಇಳಿಯದೆ ಹಟ ಹಿಡಿದರೆ ಬದಲಿಸುತ್ತೇನೆ.

ಆದರೆ ರೀಫಾರ್ಮಿಂಗ್ ಸರಿಪಡಿಸುವುದು ಪದರವನ್ನು ಮಾತ್ರ, ಒಣಗಿಹೋದ ದ್ರಾವಣವನ್ನಲ್ಲ. ಆದ್ದರಿಂದ ಕೊನೆಯಲ್ಲಿ ಮೈಕ್ರೊಫ್ಯಾರಡ್ ಮತ್ತು ಇಎಸ್‌ಆರ್ (ಕಂಡೆನ್ಸರ್‌ನ ಒಳ ಪ್ರತಿರೋಧ) ಎರಡನ್ನೂ ಅಳೆಯಲೇಬೇಕು. ವೇರಿಯಾಕ್‌ನಿಂದ (ಮೇನ್ಸ್ ವೋಲ್ಟೇಜನ್ನು ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇಡೀ ಸೆಟ್ಟಿಗೆ ಮೆಲ್ಲಗೆ ಕರೆಂಟ್ ಏರಿಸುವ ಸಲಹೆ ಬಹಳ ಪ್ರಚಲಿತವಾಗಿದ್ದರೂ ನಿಮ್ಮ ಸೆಟ್ಟಿಗೆ ಅದು ಹೊಂದದು. ಇಝೆಡ್ 80ರ ಹೀಟರ್ ಸಾಕಷ್ಟು ಕಾಯುವವರೆಗೆ ಕಂಡೆನ್ಸರ್‌ಗೆ ಏನೂ ತಲುಪುವುದಿಲ್ಲ, ಕಾದ ಮೇಲೆ ದೊಡ್ಡ ವೋಲ್ಟೇಜ್ ಥಟ್ಟನೆ ಬಂದುಬಿಡುತ್ತದೆ.

ನಿಮ್ಮ ಊರಿನ ಮಳೆಗಾಲವನ್ನು ನೆನೆದು ಇನ್ನೊಂದು ಮಾತು. ಮೇಣ ಹಚ್ಚಿದ ಕಾಗದದ ಕಂಡೆನ್ಸರ್‌ಗಳು ತೇವ ಹೀರಿರುತ್ತವೆ, ಅವಕ್ಕೆ ರೀಫಾರ್ಮಿಂಗ್ ಇಲ್ಲ. ಅದರಲ್ಲೂ ಇಎಲ್ 84ರ ಗ್ರಿಡ್‌ಗೆ (ವಾಲ್ವ್‌ನ ಕರೆಂಟನ್ನು ನಿಯಂತ್ರಿಸುವ ಜಾಲರಿಗೆ) ಹೋಗುವ ಕಪ್ಲಿಂಗ್ ಕಂಡೆನ್ಸರನ್ನು ಅದೇ ಮೌಲ್ಯದ, 630 ವೋಲ್ಟ್‌ನ ಪಾಲಿಯೆಸ್ಟರ್ ಕಂಡೆನ್ಸರ್‌ನಿಂದ ತಪ್ಪದೆ ಬದಲಿಸಿ. ಅದು ಸೋರಿದರೆ ಗ್ರಿಡ್ ಧನವಾಗಿ, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದಕ್ಕೆ ಬದಲಿ ಹುಡುಕುವುದು ಬಹಳ ಕಷ್ಟ.

300 ವೋಲ್ಟ್ ಡಿಸಿ ಜೀವ ತೆಗೆಯಬಲ್ಲದು. ಪ್ರತಿಬಾರಿ ಮುಟ್ಟುವ ಮೊದಲು ಸಪ್ಲೈ ಆರಿಸಿ, 10 ಕಿಲೋಓಮ್ ರೆಸಿಸ್ಟರ್‌ನಿಂದ ಕಂಡೆನ್ಸರನ್ನು ಖಾಲಿ ಮಾಡಿ, ಮೀಟರ್‌ನಿಂದ ಖಚಿತಪಡಿಸಿಕೊಳ್ಳಿ. ಕೈ ಪಳಗಿರದಿದ್ದರೆ ವಾಲ್ವ್ ಸೆಟ್ ಬಲ್ಲ ಮೆಕ್ಯಾನಿಕ್ಕರ ಜೊತೆ ಕುಳಿತು ಮಾಡಿ.

ಪ್ರಶ್ನೆ: ಇಝೆಡ್ 80 ಇರುವ ನನ್ನ ಸೆಟ್ಟಿನಲ್ಲಿ ಹಮ್ (ಸ್ಪೀಕರ್‌ನ ಗುಂಯ್ ಸದ್ದು) ಕಡಿಮೆಯಾಗಲೆಂದು 32ರ ಜಾಗದಲ್ಲಿ 220 ಮೈಕ್ರೊಫ್ಯಾರಡ್ ಹಾಕಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಇಝೆಡ್ 80ರ ನೇರ ಮುಂದಿರುವ ಮೊದಲ ಕಂಡೆನ್ಸರ್‌ಗೆ 50 ಮೈಕ್ರೊಫ್ಯಾರಡ್ ಮಿತಿಯಿದೆ. ಅದಕ್ಕಿಂತ ದೊಡ್ಡದನ್ನು ಹಾಕಿದರೆ, ಅದನ್ನು ತುಂಬಿಸಲು ವಾಲ್ವ್ ತಾಳಲಾರದಷ್ಟು ಕರೆಂಟ್ ಹರಿಯುತ್ತದೆ. ಈಗ ಸುಲಭವಾಗಿ ಸಿಗುವ 33 ಮೈಕ್ರೊಫ್ಯಾರಡ್, 450 ವೋಲ್ಟ್‌ನದನ್ನು ಹಾಕಿ. ಆಮೇಲೂ ಹಮ್ ಉಳಿದರೆ ಫಿಲ್ಟರ್ ರೆಸಿಸ್ಟರ್‌ನ ಆಚೆಗಿರುವ ಎರಡನೆಯ ಕಂಡೆನ್ಸರನ್ನು ಪರೀಕ್ಷಿಸಿ.