ಪರಿಮಳ ಆಮೇಲೆ, ಮೊದಲು ಬಚ್ಚಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವಾಸನೆಯ ದೂರುಗಳೇ. ಮಳೆ ಹಿಡಿದುಕೊಂಡರೆ ಹೀಗೇ. ಕಿಟಕಿ ಮುಚ್ಚುತ್ತೇವೆ, ಬಟ್ಟೆ ಒಳಗೇ ಒಣಹಾಕುತ್ತೇವೆ, ಆಮೇಲೆ ಅಂಗಡಿಗೆ ಹೋಗಿ ಸ್ಪ್ರೇ ತರುತ್ತೇವೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಮ್ಮಾ, ದಿನಾ ಗುಡಿಸಿ ಒರೆಸುತ್ತೇನೆ. ಆದರೂ ನೆಂಟರು ಬಂದಾಗ ಏನೋ ಕೆಟ್ಟ ವಾಸನೆ ಅನ್ನುತ್ತಾರೆ. ನಮಗೆ ಗೊತ್ತೇ ಆಗುವುದಿಲ್ಲ. ಸುಮ್ನೆ ರೂಮ್ ಫ್ರೆಶ್‌ನರ್ ತಂದು ತಂದು ದುಡ್ಡು ದಂಡ. ಅದರ ಘಾಟಿಗೆ ನಮ್ಮ ಯಜಮಾನರಿಗೆ ಸೀನು ನಿಲ್ಲುವುದಿಲ್ಲ.
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನಿಮಗೆ ಗೊತ್ತಾಗದೆ ಇರುವುದು ಸಹಜ ಕಣಮ್ಮ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಸ್ಪ್ರೇ ಕಥೆಯೂ ಅಷ್ಟೇ. ಪರಿಮಳ ಹೋಯಿತು ಅಂದುಕೊಂಡು ಇನ್ನೊಂದು ಸಲ ಒತ್ತುತ್ತೀರಿ. ಅದು ಹೋಗಿರುವುದಿಲ್ಲ, ನಿಮ್ಮ ಮೂಗು ಸುಸ್ತಾಗಿರುತ್ತದೆ. ತರಕಾರಿಗೋ ವಾಕಿಂಗಿಗೋ ಹೋಗಿ ಬಂದಾಗ, ಚೀಲ ಕೆಳಗಿಡುವ ಮುಂಚೆಯೇ ಒಂದು ಸುತ್ತು ಹಾಕಿ. ಎಲ್ಲಿ ಮೂಗು ಸಿಂಡರಿಸುತ್ತೀರೋ ಅಲ್ಲೇ ಇದೆ ಕಳ್ಳ.

ನನ್ನ ಅನುಮಾನ ಬಚ್ಚಲ ಮೇಲೆ. ಮೂಲೆಯ ಜಾಲರಿ ಎತ್ತಿ ನೋಡಿ. ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದು. ಹಲವು ಮನೆಗಳಲ್ಲಿ ಜಾಲರಿಯ ಕೆಳಗೆ ಒಂದು ಬಟ್ಟಲು ಕವುಚಿ ಹಾಕಿರುತ್ತಾರೆ. ಅದರ ಅಂಚು ನೀರಿನಲ್ಲಿ ಮುಳುಗಿರಬೇಕು. ಆ ನೀರೇ ಬೀಗ. ಅದು ಇರುವತನಕ ಚರಂಡಿಯ ಗಾಳಿ ಮೇಲೆ ಬರುವುದಿಲ್ಲ. ನೀರು ಬೇಗ ಇಳಿಯುವುದಿಲ್ಲ ಅಂತ ಎಷ್ಟೋ ಜನ ಆ ಬಟ್ಟಲನ್ನೇ ಕಿತ್ತು ಅಟ್ಟದ ಮೇಲೆ ಎಸೆದಿರುತ್ತಾರೆ. ಆಮೇಲೆ ಮನೆಯೊಳಗೆ ಕೊಳೆತ ಮೊಟ್ಟೆ ವಾಸನೆ ಬಂದರೆ ಗೋಡೆಗೆ ಸ್ಪ್ರೇ! ಬಟ್ಟಲು ಇದ್ದರೆ ತೆಗೆದು ನೋಡಿ. ಕೂದಲಿನ ಉಂಡೆ, ಅದಕ್ಕೆ ಮೆತ್ತಿಕೊಂಡ ಬೂದು ಬಣ್ಣದ ಸೋಪಿನ ಜಿಡ್ಡು ಸಿಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ತೆಗೆಯಿರಿ, ಹಳೇ ಬ್ರಷ್‌ನಲ್ಲಿ ಉಜ್ಜಿ, ಬಿಸಿನೀರು ಹಾಕಿ, ಬಟ್ಟಲನ್ನು ಇದ್ದ ಜಾಗದಲ್ಲೇ ಮತ್ತೆ ಕೂರಿಸಿ.

ನೆಂಟರಿಗೆಂದೇ ಇಟ್ಟಿರುವ ಇನ್ನೊಂದು ಬಚ್ಚಲು ಇದೆಯಾ? ಬಳಸದಿದ್ದರೆ ಆ ಟ್ರ್ಯಾಪಿನ ನೀರು ಆರಿಹೋಗುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು. ಊರಿಗೆ ಹೋಗುವಾಗ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ.

ಅಡುಗೆಮನೆ ಸಿಂಕಿನ ಕೆಳಗೂ ಒಮ್ಮೆ ಬಗ್ಗಿ ನೋಡಿ. ಆ ಸುರುಳಿ ಸುರುಳಿ ಪ್ಲಾಸ್ಟಿಕ್ ಪೈಪು ನೆಲದ ತೂತಿನಲ್ಲಿ ಸುಮ್ನೆ ತೂರಿಸಿಟ್ಟ ಹಾಗೆ ಇದ್ದರೆ, ಸುತ್ತಲಿನ ಸಂದಿನಿಂದ ವಾಸನೆಯೂ ಬರುತ್ತದೆ, ಜಿರಳೆಯೂ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ರಬ್ಬರ್ ಬುಷ್ ಸಿಗುತ್ತದೆ. ಒಂದು ಸ್ಪ್ರೇ ಡಬ್ಬಿಗಿಂತ ಅಗ್ಗ.

ಒಂದು ಎಚ್ಚರಿಕೆ. ಬೇಗ ಕ್ಲೀನ್ ಆಗಲಿ ಅಂತ ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಸುರಿಯಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಟಾಯ್ಲೆಟ್ ತೊಳೆಯುವ ದ್ರವಗಳಲ್ಲೂ ಎಷ್ಟೋ ಆಸಿಡ್ಡಿನವೇ, ಮರೆಯಬೇಡಿ. ಮೊಬೈಲಿನಲ್ಲಿ ತೋರಿಸುವ ಸೋಡಾ–ವಿನೆಗರ್ ನೊರೆಗೆ ಅಪಾಯವಿಲ್ಲ, ಆದರೆ ಅಂಥ ಉಪಯೋಗವೂ ಇಲ್ಲ. ಎರಡೂ ಸೇರಿದರೆ ಹುಳಿಯೂ ಉಳಿಯುವುದಿಲ್ಲ, ಕ್ಷಾರವೂ ಉಳಿಯುವುದಿಲ್ಲ. ನೋಡಲು ಚೆನ್ನ, ಅಷ್ಟೇ.

ಪ್ರಶ್ನೆ: ಭಾನುವಾರ ನಮ್ಮನೆಯಲ್ಲಿ ಮೀನು ಇರಲೇಬೇಕು. ಮಂಗಳವಾರದವರೆಗೂ ವಾಸನೆ ಹೋಗುವುದಿಲ್ಲ. ಮೇಲಿನ ಮನೆಯವರು ಮುಖ ಸಿಂಡರಿಸುತ್ತಾರೆ. ಏನು ಮಾಡಲಿ ಅಕ್ಕ?
– ಓದುಗರು, ಗುತ್ತಲು, ಮಂಡ್ಯ

ಉತ್ತರ: ಮೀನು ಬಿಡಬೇಡಿ! ಮೀನಿನ ವಾಸನೆಯ ಮೂಲ ಅಮೈನ್ ಎಂಬ ಕ್ಷಾರ ಗುಣದ ವಸ್ತು. ಹುಳಿ ತಾಗಿದರೆ ಅದರ ಆಟ ಮುಗಿಯಿತು. ನಮ್ಮ ಅಜ್ಜಿಯರು ಮೀನಿನ ಪಾತ್ರೆಯನ್ನು ಹುಣಸೆಹಣ್ಣಿನ ಗಷ್ಟಿನಲ್ಲಿ ಉಜ್ಜುತ್ತಿದ್ದುದು ಸುಮ್ಮನೆ ಅಲ್ಲ. ಸಾರಿಗೆ ಹಿಂಡಿದ ಗಷ್ಟನ್ನು ಎಸೆಯದೆ ತವಾ, ಚಾಕು, ಮಣೆ, ಸಿಂಕು ಎಲ್ಲಕ್ಕೂ ಅದನ್ನೇ ಹಾಕಿ ತಿಕ್ಕಿ. ಕೈಗೆ ನಿಂಬೆ ಹೋಳು.

ಮಂಗಳವಾರದವರೆಗೆ ಉಳಿಯುವುದು ಪಾತ್ರೆಯ ವಾಸನೆ ಅಲ್ಲ, ಸಿಡಿದ ಎಣ್ಣೆಯದು. ಒಲೆ ಹಿಂದಿನ ಟೈಲ್ಸ್ ಮೇಲೆ ಬೆರಳು ಎಳೆದು ನೋಡಿ, ಅಂಟುತ್ತದೆ. ಹುರಿದ ದಿನವೇ ಬಿಸಿನೀರು, ಪಾತ್ರೆ ಸೋಪು ಹಾಕಿ ಒರೆಸಿ. ಒಲೆ ಹಚ್ಚುವ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಹಾಕಿ. ಬೆಡ್‌ರೂಮಿನ ಬಾಗಿಲು ಮುಚ್ಚಿ, ಪರದೆಗೂ ಹಾಸಿಗೆಗೂ ವಾಸನೆ ಹತ್ತಿದರೆ ಒಗೆಯುವತನಕ ಬಿಡುವುದಿಲ್ಲ. ಮುಳ್ಳು, ಮೀನಿನ ಕಸ ಎಲ್ಲ ಕಾಗದದಲ್ಲಿ ಸುತ್ತಿ ರಾತ್ರಿಯೇ ಆಚೆ ಹೋಗಲಿ. ಮೇಲಿನ ಮನೆಯವರಿಗೆ ಒಂದು ತುಂಡು ಕಳಿಸಿ ನೋಡಿ, ತಿನ್ನುವವರಾದರೆ!

ಪ್ರಶ್ನೆ: ಬೀರು ತೆಗೆದರೆ ಮುಗ್ಗಲು ವಾಸನೆ. ಒಳಗೆ ನನ್ನ ಮದುವೆಯ ಮೈಸೂರು ರೇಷ್ಮೆ ಸೀರೆ ಇದೆ. ನುಸಿಗುಳಿಗೆ ಹಾಕಬಹುದಾ? ಮನೆಯಲ್ಲಿ ಹಸುಗೂಸು ಇದೆ. ನಮ್ಮತ್ತೆ ಬೆಳಗ್ಗೆ ಸಂಜೆ ಅಗರಬತ್ತಿ, ಸಾಂಬ್ರಾಣಿ ಹಾಕುತ್ತಾರೆ, ಅದು ಮಗುವಿಗೆ ಒಳ್ಳೆಯದಾ?
– ಬಾಣಂತಿ, ಹೆಬ್ಬಾಳ, ಮೈಸೂರು

ಉತ್ತರ: ನುಸಿಗುಳಿಗೆ ಬೇಡವೇ ಬೇಡ ತಾಯಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದು ತಾಗಿದರೆ ರಕ್ತಕಣಗಳು ಒಡೆದು ಕಾಮಾಲೆ ಆಗಬಹುದು. ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಈಗಾಗಲೇ ಗುಳಿಗೆ ಇಟ್ಟಿದ್ದ ಬಟ್ಟೆಯನ್ನು ಒಗೆದು ಒಣಗಿಸದೆ ಮಗುವಿಗೆ ಹೊದಿಸಬೇಡಿ. ಕರ್ಪೂರವೂ ಮಗುವಿನ ಕೈಗೆ ಸಿಗಬಾರದು, ನುಂಗಿದರೆ ವಿಷ.

ಮುಗ್ಗಲು ಅಂದರೆ ತೇವ. ಬೀರು ಆಚೆ ಗೋಡೆಗೆ ಒರಗಿಕೊಂಡಿದೆ, ಅಲ್ವಾ? ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಬಿಸಿಲು ಬಂದ ದಿನ ಎರಡೂ ಬಾಗಿಲು ತೆರೆದಿಡಿ. ಇಸ್ತ್ರಿ ಗಾಡಿಯವರ ಹತ್ತಿರ ನಾಲ್ಕು ತುಂಡು ಇದ್ದಿಲು ಕೇಳಿ ತಂದು, ಹಳೇ ಕಾಲುಚೀಲದಲ್ಲಿ ಕಟ್ಟಿ ಕೆಳಗಿನ ಅರೆಯಲ್ಲಿಡಿ. ಆಗಾಗ ಬಿಸಿಲಿಗೆ ಹಾಕಿ ಒಳಗಿಡಿ. ಸೀರೆಯನ್ನು ನೆರಳಲ್ಲಿ ಗಾಳಿಗೆ ಹರವಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ. ಪರಿಮಳಕ್ಕೆ ಲಾವಂಚದ ಬೇರು ಒಂದು ಹಿಡಿ. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ಅತ್ತೆಯವರ ಅಗರಬತ್ತಿ. ಮೈಸೂರಿನಲ್ಲಿ ಕೂತು ಅಗರಬತ್ತಿ ಬೇಡ ಅನ್ನುವುದು ಕಷ್ಟ! ಆದರೆ ಹೊಗೆ ಹೊಗೆಯೇ. ದೇವರ ಮುಂದೆ ಉರಿದದ್ದೂ ಮಗುವಿನ ಶ್ವಾಸಕೋಶಕ್ಕೆ ಅಷ್ಟೇ. ಜಗಳ ಬೇಡ. ಒಂದೇ ಕಡ್ಡಿ, ಕಿಟಕಿ ತೆಗೆದು, ಮಗು ಬೇರೆ ಕೋಣೆಯಲ್ಲಿ ಇರುವಾಗ. ಸಾಂಬ್ರಾಣಿ ಹೊಗೆ ಮಗುವಿಗೆ ಹಿಡಿಯುವುದು ಈಗ ಬೇಡ ಅಂತ ಮಕ್ಕಳ ಡಾಕ್ಟರ್ ಬಾಯಲ್ಲೇ ಹೇಳಿಸಿ. ಸೊಸೆ ಹೇಳಿದರೆ ಮಾತು ಬೇರೆ ಆಗುತ್ತದೆ. ದೇವರಾಜ ಮಾರುಕಟ್ಟೆ ಕಡೆ ಹೋದವರು ಒಂದು ಮೊಳ ಮೈಸೂರು ಮಲ್ಲಿಗೆ ತರಲಿ. ಸಂಜೆ ಮೊಗ್ಗು ಬಿರಿಯುವಾಗ ಅಗಲ ಬಟ್ಟಲಿನ ನೀರಿನಲ್ಲಿ ಬಿಟ್ಟು ನಡುಮನೆಯಲ್ಲಿಟ್ಟರೆ ಯಾವ ಡಬ್ಬಿಯೂ ಬೇಡ. ಸುಗಂಧರಾಜವೂ ಆಗುತ್ತದೆ, ನನಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ.

ಪ್ರಶ್ನೆ: ಫ್ರಿಜ್ ಒಳಗೆ ಎಲ್ಲ ತೊಳೆದಿದ್ದೇನೆ, ಅಡುಗೆ ಸೋಡಾ ಬಟ್ಟಲಲ್ಲಿಟ್ಟಿದ್ದೇನೆ. ಆದರೂ ಅಡುಗೆಮನೆಯಲ್ಲಿ ಹುಳಿ ವಾಸನೆ.
– ಓದುಗರು, ಪಾಂಡವಪುರ

ಉತ್ತರ: ಒಳಗಲ್ಲ, ಹಿಂದೆ ನೋಡಿ. ಫ್ರಿಜ್ಜಿನ ಬೆನ್ನಿಗೆ, ಕಂಪ್ರೆಸರ್ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಒಳಗೆ ಕರಗಿದ ನೀರು ಅಲ್ಲಿಗೆ ಬಂದು ಬೀಳುತ್ತದೆ. ಎಂದೋ ಚೆಲ್ಲಿದ ಹಾಲೂ ಅದೇ ದಾರಿಯಲ್ಲಿ ಹೋಗಿ ಅಲ್ಲೇ ಕೊಳೆಯುತ್ತದೆ. ಪ್ಲಗ್ ಕಿತ್ತು, ಫ್ರಿಜ್ ಮುಂದಕ್ಕೆ ಎಳೆದು, ಕಂಪ್ರೆಸರ್ ಬಿಸಿ ಆರಿದ ಮೇಲೆ ಕೈ ಹಾಕಿ. ತಟ್ಟೆ ಹೊರಗೆ ಬರುವಂಥದ್ದಾದರೆ ಸೋಪು ಹಾಕಿ ತೊಳೆಯಿರಿ. ಬಾರದಿದ್ದರೆ ಎಳೆದಾಡಬೇಡಿ, ಬಟ್ಟೆಯಲ್ಲಿ ನೀರು ಹೀರಿಸಿ ತೆಗೆದು ಒರೆಸಿ.