ಅಂಗನವಾಡಿ ಇರುವಾಗ ‘ಕೂಸಿನ ಮನೆ’ ಯಾಕೆ ಬೇಕು?

ಊರೂರಿಗೆ ಅಂಗನವಾಡಿ ಇದೆಯಲ್ಲ, ಮತ್ತೆ ಕೂಲಿಗೆ ಹೋಗೋ ತಾಯಂದಿರ ಸಣ್ಣ ಕೂಸುಗಳನ್ನ ಹಗಲು ನೋಡ್ಕೊಳ್ಳೋಕೆ ಪಂಚಾಯಿತಿಗೊಂದು ಕೂಸಿನ ಮನೆ ಅಂತ ದುಡ್ಡು ಸುರಿಯೋದು ಯಾಕೆ ಅಂತ ಕೇಳೀರಿ. ನಾನು ಕಲಬುರಗಿ ಜಿಲ್ಲೆ ಸೇಡಂ ಕಡೆ ಅಂಗನವಾಡಿ ಕಾರ್ಯಕರ್ತೆ. ಮೂರು ವರ್ಷದೊಳಗಿನ ಕೂಸನ್ನ ನಾವು ದಿನಪೂರ್ತಿ ಇಟ್ಕೊಳ್ಳೋದೇ ಇಲ್ಲರಿ. ಆಟ-ಪಾಠ, ಬಿಸಿ ಊಟ ಎಲ್ಲ ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಸಣ್ಣವರಿಗೆ ತೂಕ ನೋಡ್ತೀವಿ, ಲಸಿಕೆಗೆ ಕರೆಸ್ತೀವಿ, ಪೌಷ್ಟಿಕ ಆಹಾರ ಮನೆಗೆ ಕೊಟ್ಟು ಕಳಿಸ್ತೀವಿ. 1975ರಲ್ಲಿ ಅಂಗನವಾಡಿ ನಡೆಸೋ ಐಸಿಡಿಎಸ್ ಯೋಜನೆ ಶುರುವಾದಾಗಿಂದ ಲೆಕ್ಕ ಇಷ್ಟೇ: ಸಣ್ಣ ಕೂಸು ತಾಯಿ ಹತ್ರ ಇರ್ತದೆ.

ನಮ್ಮಲ್ಲಿ ತಾಯಿ ಮನ್ಯಾಗ ಎಲ್ಲಿರ್ತಾಳ್ರಿ? ತೊಗರಿ ಕೊಯ್ಲಿನಾಗ ನಸುಕಿಗೇ ರೊಟ್ಟಿ ಬಡಿದು, ಬುತ್ತಿ ಕಟ್ಕೊಂಡು ಟಂಟಂ ಆಟೊ ಹತ್ತತಾರೆ. ನಾನು ಬೀಗ ತೆಗೆಯೋ ಹೊತ್ತಿಗೆ ಅವರು ಹೊಲದಾಗಿರ್ತಾರೆ. ಅತ್ತೆ ಗಟ್ಟಿ ಇದ್ರೆ ಸರಿ. ಇಲ್ಲಂದ್ರ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಓದೋ ಅಕ್ಕ ಶಾಲೆ ಬಿಟ್ಟು ಕೂಸು ನೋಡ್ತಾಳೆ. ತಮ್ಮನ್ನ ಟೊಂಕದ ಮ್ಯಾಲೆ ಹೊತ್ತು ಊಟದ ಹೊತ್ತಿಗೆ ನಮ್ಮ ಬಾಗಿಲಿಗೆ ಬರ್ತಾಳೆ. ಅವಳ ಹೆಸರು ನನ್ನ ಪಟ್ಟಿಯಲ್ಲೂ ಇಲ್ಲ, ಅವನ ಹೆಸರು ಬಿಸಿಯೂಟಕ್ಕೂ ಇಲ್ಲ. ದುಡ್ಡು ದಂಡ ಅನ್ನೋರು ಈ ಹುಡುಗಿ ಕಳ್ಕೊಳ್ಳೋ ಪಾಠವನ್ನ ಯಾವ ಲೆಕ್ಕಕ್ಕೂ ಹಿಡಿಯಲ್ಲ.

ಕಾನೂನೇ ಇರಲಿಲ್ಲ ಅಂತಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಹೊಲದ ಕೂಲಿಗೆ ಸಂಸ್ಥೆ ಯಾವುದು? 2005ರ ನರೇಗಾ (ಉದ್ಯೋಗ ಖಾತ್ರಿ) ಕಾನೂನಿನಲ್ಲೂ ಕೆಲಸದ ಜಾಗದಲ್ಲಿ ಐದು ಸಣ್ಣ ಮಕ್ಕಳಿದ್ರೆ ಒಬ್ಬಾಕೆಗೆ ಕೂಲಿ ಕೊಟ್ಟು ನೋಡ್ಕೊಳ್ಳಲಿಕ್ಕೆ ಬಿಡಬೇಕು ಅಂತಿತ್ತು. ಬಿಸಿಲಿನಾಗ, ಜಾಲಿ ನೆರಳಿನಾಗ, ನಮ್ಮ ಮೇ ತಿಂಗಳಿನಾಗ!

2023ರ ರಾಜ್ಯ ಬಜೆಟ್‌ನಲ್ಲಿ ಹೇಳಿದ ಕೂಸಿನ ಮನೆ ಅದನ್ನ ಸೂರಿನ ಕೆಳಗೆ ತಂತು. ಮೂರು ವರ್ಷದೊಳಗಿನ ಮಕ್ಕಳು, ಗ್ರಾಮ ಪಂಚಾಯಿತಿ ಉಸ್ತುವಾರಿ. ಕೊರತೆ ಇದೆ. ನೋಡ್ಕೊಳ್ಳೋರೂ ಉದ್ಯೋಗ ಖಾತ್ರಿ ಕೂಲಿಯವರೇ, ಒಂದು ಮನೆಗೆ ವರ್ಷಕ್ಕೆ ಇಷ್ಟೇ ದಿನ ಅಂತ ಮಿತಿ. ಅದಕ್ಕೆ ಸರದಿ ಮೇಲೆ ಬದಲಾಗ್ತಾರೆ. ಒಂದು ವರ್ಷದ ಕೂಸು ಒಂದು ಮುಖಕ್ಕೆ ಹೊಂದ್ಕೊಳ್ಳೋದ್ರಾಗ ಇನ್ನೊಬ್ಬಾಕಿ ಬಂದಿರ್ತಾಳೆ. ಆದ್ರ ಅದಕ್ಕೆ ಮುಚ್ಚಬೇಕೇನ್ರಿ? ಅದೇ ಊರಿನ ಇಬ್ಬರಿಗೆ ವರ್ಷಪೂರ್ತಿ ಸಂಬಳ ಕೊಡಲಿ, ಟಂಟಂ ಹೊರಡೋಕೆ ಮುಂಚೆ ಬಾಗಿಲು ತೆಗಿಸಲಿ.