ಅಗರ್ ಮರದಲ್ಲಿ ರಾಳ ಹುಟ್ಟುವುದು ಗಾಯದಿಂದಲೋ, ಶಿಲೀಂಧ್ರದಿಂದಲೋ?

ರಾಳ ತಯಾರಿಸುವುದು ಮರವೇ. ಗಾಯ ಅದನ್ನು ಶುರು ಮಾಡಿಸುತ್ತದೆ. ಗಾಯದೊಳಗೆ ಸೇರುವ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಅದು ನಿಲ್ಲದಂತೆ ನೋಡಿಕೊಳ್ಳುತ್ತದೆ.

ಆರೋಗ್ಯವಾಗಿರುವ ಅಗರ್ ಮರ (ಅಕ್ವಿಲೇರಿಯಾ) ಕಡಿದರೆ ಸಿಗುವುದು ಬಿಳಿಚಿದ, ಹಗುರ ಕಟ್ಟಿಗೆ. ಊದ್‌ನ (ಈ ರಾಳ ತುಂಬಿದ ಸುಗಂಧದ ಕಟ್ಟಿಗೆಯ) ಪರಿಮಳ ಅದರಲ್ಲಿ ಇರುವುದಿಲ್ಲ. ಆದರೆ ಈ ಕಟ್ಟಿಗೆಗೆ ಒಂದು ವಿಶೇಷವಿದೆ. ಹೆಚ್ಚಿನ ಮರಗಳಲ್ಲಿ ಆಹಾರ ಸಾಗಿಸುವ ಜೀವಂತ ಅಂಗಾಂಶ ತೊಗಟೆಯ ಕಡೆ ಮಾತ್ರ ಇರುತ್ತದೆ. ಅಗರ್‌ನಲ್ಲಿ ಅದರ ತುಣುಕುಗಳು ಕಟ್ಟಿಗೆಯ ಒಳಗೂ ಹರಡಿಕೊಂಡಿರುತ್ತವೆ, ಅಲ್ಲಿ ಪಿಷ್ಟ ಕೂಡಿಟ್ಟಿರುತ್ತದೆ. ಪೆಟ್ಟು ಬಿದ್ದಾಗ ಜಾಸ್ಮೋನಿಕ್ ಆಮ್ಲದಂತಹ ಎಚ್ಚರಿಕೆಯ ರಾಸಾಯನಿಕಗಳು ಹೆಚ್ಚುತ್ತವೆ. ಆಗ ಜೀವಂತ ಕೋಶಗಳು ಪಿಷ್ಟವನ್ನು ಕರಗಿಸಿ ಸೆಸ್ಕ್ವಿಟರ್ಪೀನ್, ಕ್ರೋಮೋನ್ ಎಂಬ ವಸ್ತುಗಳನ್ನು ಮಾಡುತ್ತವೆ. ಸೋಂಕು ತಡೆಯಲು ಮರ ಹೂಡುವ ರಕ್ಷಣೆ ಇದು. ನಮಗೆ ಬೇಕಾದ ಕಪ್ಪು ರಾಳವೂ ಇದೇ.

ಬರೀ ಒಂದು ಮೊಳೆ ಹೊಡೆದರೆ? ಗಾಯದ ಸುತ್ತ ತೆಳುವಾಗಿ ರಾಳ ಕಟ್ಟಿ ಅಲ್ಲಿಗೇ ನಿಲ್ಲಬಹುದು. ಫ್ಯುಸೇರಿಯಮ್‌ನಂತಹ ಶಿಲೀಂಧ್ರ ಒಳಗೆ ಹಬ್ಬುತ್ತಾ ಹೋದರೆ ಮರ ಸುಮ್ನೆ ಕೂರುವಂತಿಲ್ಲ, ಅಲ್ವಾ? ಅಸ್ಸಾಮಿನಲ್ಲಿ ಶಿಲೀಂಧ್ರ ಒಳಹೋಗಲು ದಾರಿ ಮಾಡಿಕೊಡುವುದು ಕಾಂಡ ಕೊರೆಯುವ ಪತಂಗದ ಹುಳು. ನಮ್ಮ ಮಲೆನಾಡಿನ ತೋಟಗಳೂ ಸೇರಿದಂತೆ ಅಗರ್ ಬೆಳೆಸುವ ಕಡೆ ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರದ ದ್ರಾವಣ ಸೇರಿಸುತ್ತಾರೆ. ಶಿಲೀಂಧ್ರ ಹಾಕದೆ ರಾಸಾಯನಿಕ ಚುಚ್ಚಿಯೂ ರಾಳ ಬರಿಸಬಹುದು, ಮರಕ್ಕೆ ಬೇಕಾಗಿರುವುದು ಅಪಾಯದ ಸುಳಿವು ಅಷ್ಟೇ. ಆದರೆ ಕೆಲವೇ ತಿಂಗಳಲ್ಲಿ ಬಂದ ರಾಳಕ್ಕೂ ವರ್ಷಗಟ್ಟಲೆ ಕೂಡಿದ್ದಕ್ಕೂ ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇರುತ್ತದೆ.